ಕನ್ನಡಿಯ ಜಾಗದಲ್ಲಿ ನಿಂತು



"ಕನ್ನಡಿ ಮುಂದ ಇನ್ನಾ ಎಷ್ಟೊತ್ತು ನಿಂದರ್ತಿ? ಹೊತ್ತಾಗ್ಯಾದ, ನಡಿ!"

ಈ ಬೈಗುಳವನ್ನು ಕೇಳದ ಹುಡುಗಿ ನಿಮ್ಮಲ್ಲಿ ಒಬ್ಬಳಾದರೂ ಇದ್ದಾಳೆಯೆ? ವಾಡಿಯ ರೈಲ್ವೆ ಕ್ವಾರ್ಟರ್ಸ್ ಇರಲಿ, ಚಿಂಚೋಳಿಯ ಸುತ್ತಿನ ತಾಂಡಾ ಇರಲಿ, ಸೇಡಂ, ಚಿತ್ತಾಪುರ, ಶಹಾಬಾದಿನ ಓಣಿಗಳಿರಲಿ, ಬೆಳಿಗ್ಗೆ ಬಸ್ಸು ಹಿಡಿಯುವ ಹೊತ್ತಿಗೆ ಮನೆಮನೆಯಲ್ಲೂ ಈ ಮಾತು ಕೇಳಿಬರುತ್ತದೆ. ಹುಡುಗರಿಗೂ ಅದು ತಪ್ಪಿದ್ದಲ್ಲ. ಕನ್ನಡಿ ಎಂದರೆ ಸಿಂಗಾರದ ವಸ್ತು, ಅದರ ಮುಂದೆ ನಿಂತವರು ಹೊತ್ತು ಹಾಳು ಮಾಡುವವರು ಎಂಬುದು ನಮ್ಮ ಹಿರಿಯರ ಲೆಕ್ಕ.

ಇಂದು ನಾನು ನಿಮಗೆ ಪರಿಚಯಿಸಬೇಕೆಂದಿರುವುದು ಕನ್ನಡಿಯ ಮುಂದೆ ಗಂಟೆಗಟ್ಟಲೆ, ದಿನಗಟ್ಟಲೆ ಕುಳಿತ ಒಬ್ಬ ಹೆಣ್ಣುಮಗಳನ್ನು. ಆಕೆ ಕುಳಿತದ್ದು ಸಿಂಗಾರಕ್ಕಲ್ಲ, ಕೆಲಸಕ್ಕೆ. ಆ ಕೆಲಸದ ಫಲವಾದ ಚಿತ್ರವೊಂದು ಪೋಲೆಂಡ್ ದೇಶದ ಕ್ರಾಕೂವ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಆಕೆಯ ಹೆಸರು ಅನ್ನಾ ಬಿಲಿನ್‌ಸ್ಕಾ. ಚಿತ್ರ ರಚನೆಯಾದ ವರ್ಷ 1887.

"ಪೋಲೆಂಡ್ ಎಲ್ಲಿ, ನಮ್ಮ ಕಾಗಿಣಾ ನದಿಯ ದಂಡೆ ಎಲ್ಲಿ? ಆ ಚಿತ್ರ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರವನ್ನು ಈಗಲೇ ಹೇಳುವುದಿಲ್ಲ. ಮೊದಲು ಚಿತ್ರವನ್ನು ನೋಡೋಣ. ಉತ್ತರ ತಾನಾಗಿಯೇ ಬರುತ್ತದೆ.

ಚಿತ್ರದಲ್ಲಿ ಏನಿದೆ?

ಇದು ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದ ಚಿತ್ರ. ಎತ್ತರ ಸುಮಾರು ನಾಲ್ಕು ಅಡಿ, ಅಗಲ ಸುಮಾರು ಮೂರು ಅಡಿ. ನಿಮ್ಮ ಮನೆಯ ಅಂಗಳಕ್ಕೆ ಹಾಸುವ ಶಹಾಬಾದ್ ಫರ್ಸಿಯ ಒಂದು ದೊಡ್ಡ ಹಲಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದರೆ ಹೇಗೋ ಹಾಗೆ.

ಕುರ್ಚಿಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಾಳೆ. ವಯಸ್ಸು ಮೂವತ್ತು ದಾಟಿದೆ. ಕಡುಬಣ್ಣದ ಸಾದಾ ಉಡುಪು. ಅದು ಹೊಲಸಾಗದಂತೆ ಮೇಲೆ ಕಟ್ಟಿಕೊಂಡ ಏಪ್ರನ್. ಕೈಯಲ್ಲಿ ಕುಂಚಗಳು ಮತ್ತು ಬಣ್ಣ ಕಲಸುವ ಹಲಗೆ. ಕೂದಲನ್ನು ಹಿಂದಕ್ಕೆ ಸೇರಿಸಿ ಕಟ್ಟಿದೆ, ಆದರೆ ಅದು ಕಟ್ಟಿಗೆ ನಿಂತಿಲ್ಲ. ಕೆಲಸದ ನಡುವೆ ಜಾರಿದ ಎಳೆಗಳು ಹಣೆಯ ಮೇಲೆ ಹಾಗೆಯೇ ಉಳಿದಿವೆ. ಹಿಂದೆ ಮಂಕುಬಣ್ಣದ ಒಂದು ಬಟ್ಟೆ ಇಳಿಬಿಟ್ಟಿದೆ. ಅಷ್ಟೇ. ಹೂದಾನಿ ಇಲ್ಲ, ಕಿಟಕಿ ಇಲ್ಲ, ಕಣ್ಣು ಸೆಳೆಯುವ ಆಭರಣವಿಲ್ಲ.

ಮುಖ್ಯವಾದದ್ದು ಆಕೆಯ ಕಣ್ಣು. ಅದು ನೇರವಾಗಿ ನಮ್ಮನ್ನೇ ನೋಡುತ್ತದೆ. ನಗುವುದಿಲ್ಲ, ನಾಚುವುದಿಲ್ಲ, ಕೋಪಿಸಿಕೊಳ್ಳುವುದೂ ಇಲ್ಲ. ಗಣಿತದ ಕಠಿಣ ಲೆಕ್ಕವೊಂದನ್ನು ಮಾಡುವಾಗ ನಿಮ್ಮ ಮುಖ ಹೇಗಿರುತ್ತದೆಯೋ, ಬಹುಮಟ್ಟಿಗೆ ಹಾಗಿದೆ ಆ ಮುಖ. ಏಕೆ ಹೀಗೆ? ಸ್ವಲ್ಪ ಯೋಚಿಸಿ. ತನ್ನ ಚಿತ್ರವನ್ನು ತಾನೇ ಬರೆಯುವವರು ನೋಡುವುದು ನೋಡುಗರನ್ನಲ್ಲ, ಕನ್ನಡಿಯನ್ನು. ಮೂಗಿನ ನೆರಳು ಎಲ್ಲಿ ಮುಗಿಯಿತು, ತುಟಿಯ ಅಂಚು ಎಲ್ಲಿ ಆರಂಭವಾಯಿತು ಎಂದು ಅಳೆಯುವ ಕಣ್ಣು ಅದು. ಹಾಗೆ ಅಳೆಯುವಾಗ ನಗು ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಚಿತ್ರದಲ್ಲಿ ಕನ್ನಡಿ ಕಾಣುವುದಿಲ್ಲ. ಹಾಗಾದರೆ ಕನ್ನಡಿ ಎಲ್ಲಿತ್ತು? ಈಗ ನಾವು ನಿಂತಿರುವ ಜಾಗದಲ್ಲಿ! 1887ರಲ್ಲಿ ಆಕೆಯ ಎದುರು ಕನ್ನಡಿ ಇದ್ದ ಸ್ಥಳದಲ್ಲಿ ಇಂದು ಚಿತ್ರದ ಮುಂದೆ ನಿಂತ ನೋಡುಗ ಇದ್ದಾನೆ. ಆಕೆ ತನ್ನನ್ನು ಎಷ್ಟು ನಿಷ್ಠುರವಾಗಿ ನೋಡಿಕೊಂಡಳೋ ಅಷ್ಟೇ ನಿಷ್ಠುರವಾಗಿ ನಮ್ಮನ್ನು ನೋಡುತ್ತಾಳೆ. ಸ್ವಂತ ಮುಖಚಿತ್ರಗಳ ಮುಂದೆ ನಿಂತಾಗ ನಮಗೆ ಒಂದು ಬಗೆಯ ಸಂಕೋಚ ಆಗುವುದು ಇದರಿಂದಲೇ.

ಹಿಂದಿನ ಆ ಬಟ್ಟೆಗೂ ಒಂದು ಅರ್ಥವಿದೆ. ಚಿತ್ರಶಾಲೆಯಲ್ಲಿ ಇಂಥ ಬಟ್ಟೆ ಇಳಿಬಿಡುವುದು ಮಾದರಿಗಾಗಿ, ಅಂದರೆ ಚಿತ್ರ ಬರೆಸಿಕೊಳ್ಳಲು ಕೂಲಿಗೆ ಬಂದು ಕೂರುವವರಿಗಾಗಿ. ಕಲಾವಿದರು ಈಚೆ, ಮಾದರಿ ಆಚೆ. ಯುರೋಪಿನ ಚಿತ್ರಗಳಲ್ಲಿ ಶತಮಾನಗಳ ಕಾಲ ಹೆಂಗಸಿಗೆ ಮೀಸಲಾಗಿದ್ದದ್ದು ಹೆಚ್ಚಾಗಿ ಆಚೆಯ ಜಾಗ. ಅನ್ನಾ ಹೋಗಿ ಆ ಜಾಗದಲ್ಲಿಯೇ ಕುಳಿತಳು. ಆದರೆ ಕುಂಚ ಹಿಡಿದು ಕುಳಿತಳು. ನೋಡಿಸಿಕೊಳ್ಳುವವಳೂ ನಾನೇ, ನೋಡುವವಳೂ ನಾನೇ ಎಂದು ಒಂದು ಮಾತನ್ನೂ ಬರೆಯದೆ ಹೇಳಿದಳು.

ಯಾರು ಈಕೆ?

ಅನ್ನಾ ಹುಟ್ಟಿದ್ದು 1854ರಲ್ಲಿ, ಈಗಿನ ಉಕ್ರೇನ್ ದೇಶಕ್ಕೆ ಸೇರಿದ ಝ್ಲಾಟೊಪಿಲ್ ಎಂಬ ಊರಿನಲ್ಲಿ. ತಂದೆ ಪೋಲಿಷ್ ಜನಾಂಗದ ವೈದ್ಯ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡು 1795ರ ಹೊತ್ತಿಗೆ ಸಂಪೂರ್ಣ ನುಂಗಿಬಿಟ್ಟಿದ್ದವು. ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾದದ್ದು 1918ರಲ್ಲಿ. ಅಂದರೆ ಅನ್ನಾ ತನ್ನ ಜೀವಮಾನದಲ್ಲಿ ಸ್ವಂತ ದೇಶ ಎಂಬುದನ್ನು ಕಾಣಲೇ ಇಲ್ಲ.

ನಿಮ್ಮ ಅಜ್ಜ ಮುತ್ತಜ್ಜಂದಿರಿಗೆ ಈ ಸ್ಥಿತಿ ತೀರ ಅಪರಿಚಿತವಲ್ಲ. 1947ರಲ್ಲಿ ಭಾರತ ಸ್ವತಂತ್ರವಾದರೂ ನಿಜಾಮರ ಆಡಳಿತದಲ್ಲಿದ್ದ ನಮ್ಮ ಈ ಭಾಗಕ್ಕೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬ ಅನುಭವ ಇಲ್ಲಿನವರಿಗೂ ಇತ್ತು.

ಬಾಲ್ಯದಲ್ಲಿ ಅನ್ನಾಳ ಕುಟುಂಬ ರಷ್ಯಾದ ಒಳನಾಡಿನ ವ್ಯಾಟ್ಕಾ ಎಂಬ ಊರಿನಲ್ಲಿ ಕೆಲವು ಕಾಲ ಇತ್ತು. ಅಲ್ಲಿ ಆಂಡ್ರಿಯೊಲ್ಲಿ ಎಂಬ ಚಿತ್ರಕಾರ ಗಡೀಪಾರು ಶಿಕ್ಷೆ ಅನುಭವಿಸುತ್ತಿದ್ದ. 1863ರಲ್ಲಿ ರಷ್ಯಾದ ವಿರುದ್ಧ ಪೋಲಿಷ್ ಜನ ಎದ್ದ ಬಂಡಾಯದಲ್ಲಿ ಭಾಗವಹಿಸಿದ್ದು ಅವನ ಅಪರಾಧ. ಆತನೇ ಅನ್ನಾಳ ಮೊದಲ ಚಿತ್ರಕಲಾ ಗುರು. ಒಬ್ಬನನ್ನು ದೂರ ಅಟ್ಟಿ ಬಾಯಿ ಮುಚ್ಚಿಸಿದೆವು ಎಂದುಕೊಂಡಿತು ಸರ್ಕಾರ. ಆತ ಅಲ್ಲಿಯೂ ಒಂದು ಮಗುವಿನ ಕೈಗೆ ಪೆನ್ಸಿಲ್ಲು ಕೊಟ್ಟ. ಒಳ್ಳೆಯ ಮೇಷ್ಟರುಗಳು ಎಲ್ಲಿದ್ದರೂ ಮಾಡುವ ಕೆಲಸವೇ ಅದು.

ಮುಂದೆ ಕುಟುಂಬ ವಾರ್ಸಾ ನಗರಕ್ಕೆ ಬಂತು. ಅನ್ನಾ ಸಂಗೀತವನ್ನೂ ಕಲಿತಳು, ಗೆರ್ಸನ್ ಎಂಬ ಹೆಸರಾಂತ ಗುರುವಿನ ಬಳಿ ಚಿತ್ರವನ್ನೂ ಕಲಿತಳು. ಕೊನೆಗೆ ಚಿತ್ರವೇ ಆಕೆಯನ್ನು ಹಿಡಿದುಕೊಂಡಿತು. 1882ರಲ್ಲಿ ಗೆಳತಿ ಕ್ಲೆಮೆಂಟಿನಾ ಕ್ರಾಸ್ಸೊಫ್‌ಸ್ಕಾ ಜೊತೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳ ಚಿತ್ರಶಾಲೆಗಳನ್ನು ನೋಡುತ್ತ ಪ್ರವಾಸ ಮಾಡಿದಳು. ಅದೇ ವರ್ಷ ಪ್ಯಾರಿಸ್ ಸೇರಿದಳು.

ಮುಚ್ಚಿದ ಬಾಗಿಲು, ದುಬಾರಿ ಬಾಗಿಲು

ಅಂದಿನ ಪ್ಯಾರಿಸ್ ಕಲೆಯ ರಾಜಧಾನಿ. ಅಲ್ಲಿ ಸರ್ಕಾರವೇ ನಡೆಸುತ್ತಿದ್ದ ದೊಡ್ಡ ಕಲಾಶಾಲೆ ಇತ್ತು. ಆದರೆ ಅದು ಗಂಡಸರಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದದ್ದು 1897ರಲ್ಲಿ. ಅಷ್ಟರಲ್ಲಿ ಅನ್ನಾ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಆಕೆಗೆ ಉಳಿದ ದಾರಿ ಖಾಸಗಿ ಶಾಲೆ. ರೊಡೊಲ್ಫ್ ಜೂಲಿಯನ್ ಎಂಬಾತ 1868ರಲ್ಲಿ ಸ್ಥಾಪಿಸಿದ್ದ ಅಕಾಡೆಮಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿತ್ತು. ಅಲ್ಲಿ ಬೇರೆಡೆ ಅಪರೂಪವಾಗಿದ್ದ ಒಂದು ಸೌಲಭ್ಯವೂ ಇತ್ತು. ಮನುಷ್ಯ ದೇಹವನ್ನು ಜೀವಂತ ಮಾದರಿಯಿಂದ ನೋಡಿ ಅಭ್ಯಾಸ ಮಾಡಲು ಹೆಣ್ಣುಮಕ್ಕಳಿಗೂ ಅವಕಾಶವಿತ್ತು. ದೇಹರಚನೆ ತಿಳಿಯದೆ ವೈದ್ಯನಾಗಲು ಹೇಗೆ ಸಾಧ್ಯವಿಲ್ಲವೋ ಹಾಗೆ ಚಿತ್ರಕಾರನಾಗಲೂ ಸಾಧ್ಯವಿರಲಿಲ್ಲ. ಅಲ್ಲಿಯ ತನಕ ಹೆಣ್ಣುಮಕ್ಕಳು ಹೂವು, ಹಣ್ಣು, ಬೆಕ್ಕಿನ ಮರಿಗಳಿಗೇ ತೃಪ್ತರಾಗಬೇಕಿತ್ತು ಎಂದರೆ ಅದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಪಾಠವೇ ಅವರಿಗೆ ಸಿಗುತ್ತಿರಲಿಲ್ಲ.

ಆದರೆ ಜೂಲಿಯನ್ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳ ಶುಲ್ಕ ಗಂಡಸರದಕ್ಕಿಂತ ಸುಮಾರು ಎರಡರಷ್ಟಿತ್ತು. ಅದೇ ಪಾಠ, ಎರಡರಷ್ಟು ದುಡ್ಡು! ಮನೆಯಿಂದ ಕಾಲೇಜಿಗೆ ಒಂದೇ ದೂರವಾದರೂ ಹೆಣ್ಣುಮಗಳು ಅದಕ್ಕೆ ತೆರಬೇಕಾದ ಬೆಲೆ ಬೇರೆ ಎಂಬುದು ನಿಮ್ಮಲ್ಲಿ ಕೆಲವರಿಗೆ ಸ್ವಂತ ಅನುಭವದಿಂದ ಗೊತ್ತಿರಬಹುದು. ಆ ಬೆಲೆ ಯಾವಾಗಲೂ ರೂಪಾಯಿಯಲ್ಲೇ ಇರುವುದಿಲ್ಲ.

ಅದೇ ಅಕಾಡೆಮಿಯಲ್ಲಿ ಆಗ ಮಾರೀ ಬಶ್ಕಿರ್ತ್ಸೆಫ್ ಎಂಬ ಇನ್ನೊಬ್ಬ ಪ್ರತಿಭಾವಂತೆ ಇದ್ದಳು. ಹೆಣ್ಣುಮಕ್ಕಳ ತರಗತಿ ಹೇಗಿತ್ತೆಂದು ನೋಡಬೇಕಾದರೆ ಆಕೆ 1881ರಲ್ಲಿ ಬರೆದ ಚಿತ್ರವನ್ನು ನೋಡಬೇಕು. ಒಂದು ಕೋಣೆಯಲ್ಲಿ ಇಕ್ಕಟ್ಟಾಗಿ ಕುಳಿತ ಹೆಂಗಸರು, ಎಲ್ಲರ ಮುಂದೆ ಚಿತ್ರಫಲಕ, ಎಲ್ಲರೂ ದುಡಿಯುತ್ತಿದ್ದಾರೆ. ಅನ್ನಾ ಇಂಥ ಕೋಣೆಯಲ್ಲಿ ಬೆಳೆದಳು. ಮುಂದೆ ಅಲ್ಲಿಯೇ ಕಲಿಸುವ ಕೆಲಸವನ್ನೂ ಮಾಡಿದಳು.

ಮೂರು ಸಾವುಗಳ ನಂತರ

1884ರಿಂದ 1886ರ ಒಳಗೆ ಅನ್ನಾಳ ಬದುಕಿನಲ್ಲಿ ಮೂರು ಸಾವುಗಳು ನಡೆದವು. ತಂದೆ ತೀರಿಕೊಂಡರು. ಜೊತೆಯಲ್ಲಿ ದೇಶ ಸುತ್ತಿದ ಗೆಳತಿ ಕ್ಲೆಮೆಂಟಿನಾ ತೀರಿಕೊಂಡಳು. ಮದುವೆಯಾಗಬೇಕೆಂದು ನಿಶ್ಚಯವಾಗಿದ್ದ ಚಿತ್ರಕಾರ ವೊಯ್ಚೆಹ್ ಗ್ರಬೊಫ್‌ಸ್ಕಿ 1885ರಲ್ಲಿ ತೀರಿಕೊಂಡ. ಪರದೇಶ, ಕೈಯಲ್ಲಿ ಹಣವಿಲ್ಲ, ಆಸರೆಯಾಗಿದ್ದವರು ಒಬ್ಬೊಬ್ಬರಾಗಿ ಹೋದರು.

ಗೆಳತಿ ಸಾಯುವಾಗ ಒಂದು ಉಪಕಾರ ಮಾಡಿದ್ದಳು. ಅನ್ನಾ ಕಲೆಯನ್ನು ಬಿಡಬೇಕಾಗಿ ಬರಬಾರದೆಂದು ಉಯಿಲಿನಲ್ಲಿ ಆಕೆಗೆ ಹಣ ಬಿಟ್ಟಿದ್ದಳು. ಕಲೆಯ ಚರಿತ್ರೆಯಲ್ಲಿ ರಾಜರು, ಶ್ರೀಮಂತರು ಕೊಟ್ಟ ದಾನಗಳ ಕಥೆ ಬಹಳ. ಗೆಳತಿ ಗೆಳತಿಗೆ ಬಿಟ್ಟುಹೋದ ಈ ಹಣದ ಕಥೆಯನ್ನೂ ಅವುಗಳ ಪಕ್ಕದಲ್ಲಿ ಇಡಬೇಕು.

ಇದಾದ ಮೇಲೆ ಬಂದದ್ದು 1887ರ ಈ ಚಿತ್ರ. ಇದನ್ನು ತಿಳಿದು ಮತ್ತೊಮ್ಮೆ ನೋಡಿ. ಆ ಕಡುಬಣ್ಣದ ಉಡುಪು ಈಗ ಶೋಕದ ಉಡುಪಾಗಿ ಕಾಣುತ್ತದೆ. ಕಣ್ಣಿನ ಸುತ್ತಲ ಆಯಾಸಕ್ಕೆ ಕಾರಣ ಹೊಳೆಯುತ್ತದೆ. ಆದರೆ ಆಕೆ ಅಳುತ್ತಿರುವ ತನ್ನನ್ನು ಬರೆಯಲಿಲ್ಲ. ಏಪ್ರನ್ ಕಟ್ಟಿಕೊಂಡಿರುವ ತನ್ನನ್ನು ಬರೆದಳು. "ನನಗೆ ಏನೇನಾಯಿತು" ಎಂದು ಹೇಳದೆ "ನಾನು ಏನು ಮಾಡುತ್ತೇನೆ" ಎಂದು ಹೇಳಿದಳು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ.

ಆ ವರ್ಷ ಪ್ಯಾರಿಸ್ಸಿನ ಸಲೋನ್ ಎಂಬ ಮಹಾಪ್ರದರ್ಶನದಲ್ಲಿ ಈ ಚಿತ್ರಕ್ಕೆ ಪದಕ ಬಂತು. 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ, ಅಂದರೆ ಐಫೆಲ್ ಗೋಪುರ ಮೊದಲು ತಲೆ ಎತ್ತಿದ ಪ್ರದರ್ಶನದಲ್ಲಿ, ಅನ್ನಾಳಿಗೆ ಬೆಳ್ಳಿ ಪದಕ ದೊರೆಯಿತು.

ಹೆಸರಿರುವ ಮುಖ, ಮುಖವಿಲ್ಲದ ಹೆಸರು

ಈಗ ನಮ್ಮ ಊರಿಗೆ ಬರೋಣ.

ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿ ಸನ್ನತಿ ಇದೆ. ಅಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ ಕುಸಿದಾಗ ಅಶೋಕನ ಶಾಸನವಿರುವ ಕಲ್ಲು ಬೆಳಕಿಗೆ ಬಂತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿತು. ಒಂದು ದೊಡ್ಡ ಬೌದ್ಧ ಸ್ತೂಪ, ನೂರಾರು ಶಿಲ್ಪಗಳು ಹೊರಬಂದವು. ಅವುಗಳಲ್ಲಿ ಒಂದು ಫಲಕದಲ್ಲಿ ಪರಿವಾರದೊಂದಿಗೆ ಇರುವ ಒಬ್ಬ ರಾಜ ಇದ್ದಾನೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಎರಡು ಪದಗಳಿವೆ: "ರಾಯೊ ಅಸೋಕೊ." ರಾಜ ಅಶೋಕ! ಅಶೋಕನ ಹೆಸರನ್ನೇ ಬರೆದು ತೋರಿಸಿದ ಪ್ರಾಚೀನ ಶಿಲ್ಪ ನಿಮ್ಮ ಜಿಲ್ಲೆಯ ನೆಲದಲ್ಲಿ ಸಿಕ್ಕಿತು. ಪಠ್ಯಪುಸ್ತಕದಲ್ಲಿ ಅಶೋಕನ ಪಾಠ ಓದುವ ಸೇಡಂ, ಚಿತ್ತಾಪುರದ ಮಕ್ಕಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಆದರೆ ಒಂದು ಪ್ರಶ್ನೆ. ಇದು ಅಶೋಕನ ನಿಜವಾದ ಮುಖವೆ? ಅಲ್ಲ. ಅಶೋಕ ಇದ್ದದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಈ ಶಿಲ್ಪ ಮೂಡಿದ್ದು ಆತ ಹೋಗಿ ತಲೆಮಾರುಗಳು ಕಳೆದ ಮೇಲೆ, ಸಾತವಾಹನರ ಕಾಲಕ್ಕೆ. ಕಲ್ಲು ಕಡೆದ ಕೈ ಅಶೋಕನನ್ನು ನೋಡಿರಲಿಲ್ಲ. ರಾಜ ಹೇಗಿರಬೇಕೋ ಹಾಗೆ ಕಡೆಯಿತು. ಮುಖ ನೋಡಿ ಗುರುತು ಸಿಗುವುದಿಲ್ಲವಾದ್ದರಿಂದ ಹೆಸರು ಬರೆಯಬೇಕಾಯಿತು.

ಇನ್ನೊಂದು ಪ್ರಶ್ನೆ. ಅಶೋಕನ ಹೆಸರು ಆ ಫಲಕದ ಮೇಲಿದೆ. ಅದನ್ನು ಕಡೆದವನ ಮುಖ ಎಲ್ಲಿ?

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣಸುಂದರಿಯನ್ನು ನೀವು ಪ್ರವಾಸದಲ್ಲಿ ನೋಡಿರಬಹುದು. ಕೈಯಲ್ಲಿ ಕನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡಿಕೊಳ್ಳುವ ಹೆಣ್ಣು. ಹನ್ನೆರಡನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಇಂದಿಗೂ ಓದಲು ಸಿಗುತ್ತದೆ. ಹೆಸರು ಉಳಿಯಿತು, ಅದೊಂದು ದೊಡ್ಡ ಹೆಜ್ಜೆ. ಆದರೆ ಆ ಕನ್ನಡಿಯೊಳಗೆ ಏನು ಕಂಡಿತೆಂದು ದರ್ಪಣಸುಂದರಿ ನಮಗೆ ಹೇಳಲಾರಳು. ಆಕೆಯನ್ನು ಕಡೆದದ್ದು ಬೇರೆಯವರ ಕೈ. ಅನ್ನಾಳ ಚಿತ್ರದಲ್ಲಿ ಕನ್ನಡಿ ನೋಡಿದ ಕಣ್ಣು, ಕೆಲಸ ಮಾಡಿದ ಕೈ ಎರಡೂ ಒಬ್ಬಳದೇ.

ಇದಕ್ಕೆ ನಮ್ಮ ಶರಣರ ನಾಡಿನಲ್ಲಿ ಒಂದು ಹೋಲಿಕೆ ಹುಡುಕಬಹುದು. ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಹೆಸರುಗಳನ್ನು ನೆನೆಯಿರಿ. ಆಯ್ದಕ್ಕಿ ಲಕ್ಕಮ್ಮ: ಬಿದ್ದ ಅಕ್ಕಿಯನ್ನು ಆಯುವುದು ಆ ದಂಪತಿಗಳ ಕಾಯಕ. ಕದಿರ ರೆಮ್ಮವ್ವೆ: ನೂಲುವುದು ಆಕೆಯ ಕಾಯಕ. ಇಂಥವರ ಮಗಳು, ಇಂಥವರ ಹೆಂಡತಿ ಎಂಬುದಕ್ಕಿಂತ ಮೊದಲು ಕಾಯಕವೇ ಹೆಸರಿಗೆ ಅಂಟಿಕೊಂಡಿತು. ಅನ್ನಾಳ ಏಪ್ರನ್ನು, ಕುಂಚಗಳು ಅಂಥದೇ ಮಾತನ್ನು ಬಣ್ಣದಲ್ಲಿ ಹೇಳುತ್ತವೆ. ಆಕೆ ಬರೆದದ್ದು ಬರಿಯ ಮುಖವನ್ನಲ್ಲ, ತನ್ನ ಕಾಯಕವನ್ನು.

ಇನ್ನೊಂದು ಬಗೆಯ ಚಿತ್ರ

ಸ್ವಂತ ಚಿತ್ರವೆಂದರೆ ಯಾವಾಗಲೂ ಇಷ್ಟು ನೇರವಾಗಿರಬೇಕೆಂದೇನೂ ಇಲ್ಲ. ಪೋಲೆಂಡ್ ಮೂಲದ ಇನ್ನೊಬ್ಬ ಕಲಾವಿದೆ ತಮಾರಾ ದ ಲೆಂಪಿಕ್ಕಾ 1929ರಲ್ಲಿ ಒಂದು ಜರ್ಮನ್ ಮಹಿಳಾ ಪತ್ರಿಕೆಯ ಮುಖಪುಟಕ್ಕಾಗಿ ತನ್ನ ಚಿತ್ರ ಬರೆದುಕೊಂಡಳು. ಹಸಿರು ಬಣ್ಣದ ಬುಗಾಟಿ ಕಾರು, ಸ್ಟಿಯರಿಂಗ್ ಹಿಡಿದ ಕೈಗೆ ಚರ್ಮದ ಗವಸು, ತಲೆಗೆ ಬಿಗಿಯಾದ ಟೊಪ್ಪಿಗೆ, ತಣ್ಣನೆಯ ನೋಟ. ಆಕೆಯ ಬಳಿ ಇದ್ದದ್ದು ಹಳದಿ ಬಣ್ಣದ ರೆನೋ ಕಾರು ಎಂದು ಹೇಳುತ್ತಾರೆ. ಹಾಗಾದರೆ ಚಿತ್ರ ಸುಳ್ಳೆ?

ಒಂದು ರೀತಿಯಲ್ಲಿ ಸುಳ್ಳು. ಇನ್ನೊಂದು ರೀತಿಯಲ್ಲಿ ಅಲ್ಲ. "ನಾನು ಹೀಗೆ ಕಾಣಬೇಕು, ನನ್ನ ಗಾಡಿಯನ್ನು ನಾನೇ ಓಡಿಸಬೇಕು" ಎಂಬ ಆಸೆ ನಿಜವೇ. ಇಂದು ಕೈಯಲ್ಲಿ ಮೊಬೈಲ್ ಹಿಡಿದು, ಹತ್ತು ಸಲ ತೆಗೆದು, ಮುಖದ ಬಣ್ಣ ತಿಳಿ ಮಾಡಿ, ಒಂದನ್ನು ಉಳಿಸಿ ಒಂಬತ್ತನ್ನು ಅಳಿಸುವ ನಾವೆಲ್ಲರೂ ತಮಾರಾಳ ದಾರಿಯವರು. ಅದರಲ್ಲಿ ಅಪರಾಧವೇನೂ ಇಲ್ಲ. ಆದರೆ ದಿನವೂ ಅದನ್ನೇ ಮಾಡುತ್ತ ಹೋದರೆ ನಮ್ಮ ಮುಖದ ಪರಿಚಯ ನಮಗೇ ತಪ್ಪಿಹೋಗುತ್ತದೆ. ಆಗ ಅನ್ನಾಳ ಕೆದರಿದ ಕೂದಲನ್ನು ಒಮ್ಮೆ ನೆನೆಯಬೇಕು. ಒಂಬತ್ತು ಚಿತ್ರಗಳಲ್ಲಿ ನಾವು ಅಳಿಸಿಬಿಡುವುದನ್ನು ಆಕೆ ಒಂದೇ ಚಿತ್ರದಲ್ಲಿ ಉಳಿಸಿಕೊಂಡಳು.

ನಮ್ಮ ದೇಶದಲ್ಲಿ ಈ ದಾರಿಯಲ್ಲಿ ನಡೆದ ದೊಡ್ಡ ಹೆಸರು ಅಮೃತಾ ಶೇರ್‌ಗಿಲ್ ಅವರದು. 1913ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಜನನ. ತಂದೆ ಸಿಖ್ಖರು, ತಾಯಿ ಹಂಗೇರಿಯವರು. 1929ರಲ್ಲಿ, ಹದಿನಾರರ ಹರೆಯದಲ್ಲಿ, ಪ್ಯಾರಿಸ್ಸಿಗೆ ಹೋದರು. ಅನ್ನಾಳಿಗೆ ಮುಚ್ಚಿದ್ದ ಅದೇ ಸರ್ಕಾರಿ ಕಲಾಶಾಲೆ ಅಮೃತಾರಿಗೆ ತೆರೆದಿತ್ತು. ಒಬ್ಬಳು ತಟ್ಟಿದ ಬಾಗಿಲು ಆಕೆಗೇ ತೆರೆಯಬೇಕೆಂದಿಲ್ಲ, ಹಿಂದೆ ಬರುವವರಿಗೆ ತೆರೆಯಬಹುದು. ಅಮೃತಾ ತಮ್ಮ ಮುಖವನ್ನು ತಾವೇ ಹಲವು ಬಾರಿ ಬರೆದರು: ನಗುವ ಮುಖ, ಗಂಭೀರ ಮುಖ, ಚಿತ್ರಫಲಕದ ಮುಂದಿನ ಮುಖ. 1936ರ ಕೊನೆಗೆ ದಕ್ಷಿಣ ಭಾರತದ ಪ್ರವಾಸ ಕೈಗೊಂಡು ಹೈದರಾಬಾದಿನಲ್ಲಿ ಚಿತ್ರಪ್ರದರ್ಶನ ಏರ್ಪಡಿಸಿದರು. ಆಗ ನಮ್ಮ ಸೇಡಂ, ಚಿಂಚೋಳಿಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. 1941ರಲ್ಲಿ ಲಾಹೋರಿನಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ ಇಪ್ಪತ್ತೆಂಟು.

ಕಲಬುರಗಿಯ ನೆಲವೂ ಚಿತ್ರಕಲೆಗೆ ಬರಡಲ್ಲ. ಪುರಾಣದ ದೃಶ್ಯಗಳಿಗೆ ಮೈದುಂಬಿದ ರೂಪ ಕೊಟ್ಟು ನಾಡಿನ ಮನೆಮನೆಯ ಗೋಡೆಗಳನ್ನು ತಲುಪಿದ ಎಸ್. ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿಯೇ.

ಮುಗಿಯದ ಚಿತ್ರ

ಅನ್ನಾಳ ಕಥೆಗೆ ಮರಳೋಣ. 1892ರಲ್ಲಿ ಆಕೆ ಆಂಟನಿ ಬೊಹ್ದನೊವಿಚ್ ಎಂಬ ವೈದ್ಯನನ್ನು ಮದುವೆಯಾದಳು. ವಾರ್ಸಾ ನಗರಕ್ಕೆ ಹಿಂತಿರುಗಿದಳು. ಮನಸ್ಸಿನಲ್ಲಿ ಒಂದು ಯೋಜನೆ ಇತ್ತು. ತಾನು ಪ್ಯಾರಿಸ್ಸಿನಲ್ಲಿ ಕಲಿತ ರೀತಿಯಲ್ಲಿ ಹೆಣ್ಣುಮಕ್ಕಳು ತಮ್ಮ ಊರಿನಲ್ಲಿಯೇ ಕಲಿಯುವಂತೆ ಒಂದು ಚಿತ್ರಕಲಾ ಶಾಲೆ ತೆರೆಯಬೇಕು ಎಂಬುದು ಆ ಯೋಜನೆ. ಆದರೆ ಹೃದಯದ ಕಾಯಿಲೆ ಬಿಡಲಿಲ್ಲ. 1893ರ ಏಪ್ರಿಲ್ 8ರಂದು ಅನ್ನಾ ತೀರಿಕೊಂಡಳು. ಆಗ ಆಕೆಗೆ ಮೂವತ್ತೆಂಟು ವರ್ಷ. ಶಾಲೆ ತೆರೆಯಲಿಲ್ಲ.

1892ರಲ್ಲಿ ಆಕೆ ಆರಂಭಿಸಿದ್ದ ಇನ್ನೊಂದು ಸ್ವಂತ ಚಿತ್ರ ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಪೂರ್ತಿಯಾಗಿಲ್ಲ. ಮುಗಿಯದ ಚಿತ್ರವನ್ನು ನೋಡುವುದರಲ್ಲಿಯೂ ಒಂದು ಪಾಠವಿದೆ. ಮುಗಿದ ಚಿತ್ರದಲ್ಲಿ ಕೈಯ ದಾರಿ ಮುಚ್ಚಿಹೋಗಿರುತ್ತದೆ. ಮುಗಿಯದ ಚಿತ್ರದಲ್ಲಿ ಕೈ ಎಲ್ಲಿ ಹೊರಟಿತ್ತು, ಎಲ್ಲಿ ನಿಂತಿತು ಎಂಬುದು ಕಾಣುತ್ತದೆ.

ಆಕೆಯ ಇನ್ನೊಂದು ಚಿತ್ರದ ಕಥೆಯೂ ಸ್ವಾರಸ್ಯಕರ. 1884ರಲ್ಲಿ ಬರೆದ, ಆಫ್ರಿಕಾ ಮೂಲದ ಮಹಿಳೆಯೊಬ್ಬಳ ಮುಖಚಿತ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾರ್ಸಾದಿಂದ ಲೂಟಿಯಾಯಿತು. ದಶಕಗಳ ಕಾಲ ಸುಳಿವಿಲ್ಲ. 2011ರಲ್ಲಿ ಬರ್ಲಿನ್ನಿನ ಹರಾಜು ಮಳಿಗೆಯಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಮನೆಗೆ ಮರಳಿತು. 2021ರಲ್ಲಿ ವಾರ್ಸಾದಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಸತ್ತು ನೂರಿಪ್ಪತ್ತೆಂಟು ವರ್ಷಗಳ ಮೇಲೆ ಜನ ಮತ್ತೆ ಆಕೆಯ ಕನ್ನಡಿಯ ಜಾಗದಲ್ಲಿ ಬಂದು ನಿಂತರು.

ನೀವೂ ಮಾಡಿ ನೋಡಿ

ಮಿತ್ರರೇ, ಈಗ ನಿಮಗೊಂದು ಕೆಲಸ. ಬೇಕಾದದ್ದು ಒಂದು ಕನ್ನಡಿ, ಒಂದು ಪೆನ್ಸಿಲ್ಲು, ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆ. ಕಿಟಕಿ ಒಂದು ಪಕ್ಕಕ್ಕೆ ಬರುವಂತೆ ಕುಳಿತುಕೊಳ್ಳಿ. ಆಗ ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಬೀಳುತ್ತದೆ. ಕಣ್ಣಿನಿಂದ ಆರಂಭಿಸಬೇಡಿ. ಮೊದಲು ತಲೆಯ ಒಟ್ಟು ಆಕಾರ ಹಾಕಿ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣುಗಳು ಸುಮಾರು ನಟ್ಟನಡುವೆ ಬರುತ್ತವೆ. ಹೆಚ್ಚಿನವರು ಅವನ್ನು ಹಣೆಯ ಹತ್ತಿರ ಏರಿಸಿಬಿಡುತ್ತಾರೆ. ನಿಮಗೆ ಗೊತ್ತಿರುವ ಮೂಗನ್ನು ಬರೆಯಬೇಡಿ, ಎದುರಿಗೆ ಕಾಣುವ ಮೂಗನ್ನು ಬರೆಯಿರಿ. ಇನ್ನೊಂದು ತಮಾಷೆ: ನೀವು ಬಲಗೈಯಿಂದ ಬರೆಯುತ್ತಿದ್ದರೆ ಕನ್ನಡಿಯೊಳಗಿನವರು ಎಡಗೈಯಿಂದ ಬರೆಯುತ್ತಿರುತ್ತಾರೆ. ಅದನ್ನು ಹಾಗೆಯೇ ಬರೆಯುತ್ತೀರೋ, ತಿದ್ದಿ ಬರೆಯುತ್ತೀರೋ? ನೀವೇ ತೀರ್ಮಾನಿಸಿ.

"ನನ್ನ ಮುಖದಾಗ ಬರಿಯೂದು ಏನದ ರೀ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದೆ. ಅನ್ನಾ ತನ್ನ ಮುಖ ಚೆಲುವೆಂದು ಬರೆಯಲಿಲ್ಲ. ಮಾದರಿಗೆ ಕೊಡಲು ಹಣ ಸಾಲದಾಗ ಪುಕ್ಕಟೆಯಾಗಿ ಸಿಗುವ ಮಾದರಿ ತನ್ನ ಮುಖವೇ ಎಂದು ಕಲಾವಿದರೆಲ್ಲ ಬಲ್ಲರು. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದಿದೆ. ನಮ್ಮನ್ನು ನೋಡುವವರು ಬಹಳ ಮಂದಿ. ಮಾರ್ಕ್ಸ್ ಕಾರ್ಡಿನಲ್ಲಿ ನೋಡುವವರು, ಗುರುತಿನ ಚೀಟಿಯಲ್ಲಿ ನೋಡುವವರು, ಹೆಣ್ಣು ನೋಡಲು ಬರುವವರು, ಜಾತಿ ನೋಡುವವರು, ಬಣ್ಣ ನೋಡುವವರು. ಅವರೆಲ್ಲ ನಮ್ಮ ಬಗ್ಗೆ ಒಂದೊಂದು ಚಿತ್ರ ಬರೆದು ನಮ್ಮ ಕೈಗೆ ಕೊಡುತ್ತಾರೆ. ನಾವು ಅದನ್ನೇ ನಮ್ಮ ಮುಖವೆಂದು ನಂಬಿಬಿಡುತ್ತೇವೆ. ಅವರು ಬರೆಯುವ ಮೊದಲು, ಇಲ್ಲವೇ ಅವರು ಬರೆದ ಮೇಲಾದರೂ, ಒಂದು ಸಲ ನಾವೇ ಕುಳಿತು ನೋಡಿಕೊಂಡಿರಬೇಕು.

ಮುಖ ಬರೆದಾದ ಮೇಲೆ ಕೈಯಲ್ಲಿ ಒಂದು ವಸ್ತುವನ್ನು ಸೇರಿಸಿ. ಅನ್ನಾಳ ಕೈಯಲ್ಲಿ ಕುಂಚ ಇತ್ತು. ನಿಮ್ಮ ಕೈಯಲ್ಲಿ ಏನಿರಬೇಕು? ಪುಸ್ತಕವೆ, ಸ್ಟೆತೊಸ್ಕೋಪೆ, ಕಬಡ್ಡಿ ಮೈದಾನದ ಮಣ್ಣೆ? ಅದು ಮುಗಿದ ಮೇಲೆ ನಿಮ್ಮ ತಾಯಿಯನ್ನು ಕೂರಿಸಿ ಅವರ ಚಿತ್ರವನ್ನೂ ಬರೆಯಿರಿ. ಶಹಾಬಾದಿನ ಕಲ್ಲಿನ ಕಣಿಯಲ್ಲಿ ದುಡಿದು ಬಂದ ತಾಯಿ, ಚಿಂಚೋಳಿಯ ತೊಗರಿ ಹೊಲದಿಂದ ಬಂದ ತಾಯಿ, ಸಿಮೆಂಟ್ ಧೂಳಿನ ಊರಿನಲ್ಲಿ ದಿನಕ್ಕೆ ಮೂರು ಸಲ ಅಂಗಳ ಒರೆಸುವ ತಾಯಿ. "ನನ್ನದೇನು ಬರೀತೀ, ಕೂದಲಾ ಸೈತ ಬಾಚಿಲ್ಲ" ಎಂದು ಅವರು ಎದ್ದುಹೋಗಲು ನೋಡುತ್ತಾರೆ. ಬಿಡಬೇಡಿ. ಕೂದಲು ಬಾಚದೆಯೇ ಕುಳಿತು ಪ್ಯಾರಿಸ್ಸಿನಲ್ಲಿ ಪದಕ ಗೆದ್ದ ಹೆಣ್ಣುಮಗಳ ಕಥೆ ಹೇಳಿ.

ಚಿತ್ರದ ಕೆಳಗೆ ನಿಮ್ಮ ಹೆಸರು, ಊರು, ದಿನಾಂಕ ಬರೆಯುವುದನ್ನು ಮರೆಯಬೇಡಿ. ಕನಗನಹಳ್ಳಿಯ ಶಿಲ್ಪಿ ರಾಜನ ಹೆಸರು ಬರೆದು ಸುಮ್ಮನಾದ. ನೀವು ನಿಮ್ಮದನ್ನೂ ಬರೆಯಿರಿ.

ನಾಳೆ ಬೆಳಿಗ್ಗೆ ಮನೆಯಲ್ಲಿ ಯಾರಾದರೂ "ಕನ್ನಡಿ ಮುಂದ ಏನ್ ಮಾಡ್ಲಿಕತ್ತಿ?" ಎಂದು ಕೇಳಿದರೆ, ಕೈಯಲ್ಲಿರುವ ಪೆನ್ಸಿಲ್ಲನ್ನು ತೋರಿಸಿ "ಕೆಲಸ ಮಾಡ್ಲಿಕತ್ತೀನಿ" ಎಂದು ಹೇಳಿ.